ಅರ್ಧಕ್ಕೆ ಬಿಚ್ಚಿದ ತಂತಿ

ಹೊಸಹೊಳಲಿನ ಅಕ್ಕಸಾಲಿ ಪುಟ್ಟಾಚಾರಿಯ ಮಗಳು ಕಾಮಾಕ್ಷಿಗೆ ಮುಂದಿನ ಹಲ್ಲು ತುಟಿ ಮೀರಿ ಉಬ್ಬಿದ್ದವು. ಕೆ.ಆರ್. ಪೇಟೆಯ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ನಗಿಸಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಗುವಳು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹೇಳಿ ಕಳಿಸುತ್ತೇವೆ ಎಂದು ಹೋದರೆ ಮತ್ತೆ ಇತ್ತ ಸುಳಿಯುತ್ತಿರಲಿಲ್ಲ.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ಅವಳೇ ಅಪ್ಪನನ್ನು ಹೊರಡಿಸಿಕೊಂಡು ಮೈಸೂರಿನ ಹಲ್ಲಿನ ಡಾಕ್ಟರ ಬಳಿ ಹೋದಳು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಜಾಗ ಮಾಡಲು ಮೊದಲು ಗಟ್ಟಿ ಹಲ್ಲುಗಳನ್ನೇ ನಾಲ್ಕು ಕೀಳಬೇಕು, ಉಳಿದವಕ್ಕೆ ಸಣ್ಣ ಬಿಲ್ಲೆ ಅಂಟಿಸಿ ತಂತಿ ಹಾಕಬೇಕು, ತಿಂಗಳಿಗೊಮ್ಮೆ ಬಂದು ಬಿಗಿ ಮಾಡಿಸಿಕೊಳ್ಳಬೇಕು. ಬಿಗಿ ಮಾಡಿದಾಗಲೆಲ್ಲ ದವಡೆ ನೋಯುತ್ತದೆ, ತುಟಿಯೊಳಗೆ ಹುಣ್ಣಾಗುತ್ತದೆ. ಕಬ್ಬು, ಚಕ್ಕುಲಿ ಮುಟ್ಟುವಂತಿಲ್ಲ. ಎರಡು ವರ್ಷವಾದರೂ ಹಿಡಿಯುತ್ತದೆ.

“ಮಧ್ಯದಲ್ಲಿ ಮಾತ್ರ ಬಿಡಬೇಡಮ್ಮ. ಬಿಟ್ಟರೆ ಸರಿದ ಹಲ್ಲು ವಾಪಸ್ ಹೋಗ್ತವೆ,” ಎಂದರು.

“ಬುಡಾಕಿಲ್ಲ ಸಾ,” ಎಂದಳು ಕಾಮಾಕ್ಷಿ.

ಬಿಡಲೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಬಸ್ಸು ಹತ್ತಿದಳು. ತಂತಿ ಬಿಗಿಸಿದ ದಿನಗಳಲ್ಲಿ ಅನ್ನವನ್ನೂ ಅಗಿಯಲಾಗದೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಯುಗಾದಿ ಹೊತ್ತಿಗೆ ಮುಂದಿನ ಹಲ್ಲು ಒಳಸರಿದು, ಕಿತ್ತ ಜಾಗ ಅರ್ಧದಷ್ಟು ತುಂಬಿತ್ತು. ಮೊದಲ ಸಲ ಅವಳ ತುಟಿಗಳು ಒಂದಕ್ಕೊಂದು ಕೂಡಿದವು.

ಆಗಲೇ ಪಾಂಡವಪುರದಿಂದ ಒಂದು ಗಂಡು ಬಂತು. ಗಂಡಿನ ತಾಯಿ ತಂತಿ ಕಂಡವಳೇ ಕಾಫಿ ಲೋಟ ಕೆಳಗಿಟ್ಟಳು. ಹುಡುಗಿಗೆ ಬಾಯಲ್ಲಿ ಏನೋ ಕಾಯಿಲೆಯಂತೆ ಎಂಬ ಮಾತು ನೆಂಟರಲ್ಲೆಲ್ಲ ಹರಡಿತು. ಸಿಂಧಘಟ್ಟದವರು ಮುಂದಿನ ವಾರ ಹೆಣ್ಣು ನೋಡಲು ಬರುವವರಿದ್ದರು. ತಾಯಿ ಸುಬ್ಬಮ್ಮ ಹಟ ಹಿಡಿದಳು.

“ಅವ್ರು ಬರೋ ಹೊತ್ಗೆ ಆ ತಂತಿ ಬಾಯಲ್ಲಿ ಇರ್ಬಾರ್ದು ಕಣವ್ವ.”

“ಇನ್ನೊಂದ್ ವರ್ಸ ತಡಿಯವ್ವ. ಇಷ್ಟು ನೋವು ತಿಂದಿವ್ನಿ.”

“ನಿನ್ ವಯಸ್ಸು ತಡೀತದಾ?”

ಡಾಕ್ಟರು ಒಪ್ಪುವುದಿಲ್ಲವೆಂದು ಸುಬ್ಬಮ್ಮನಿಗೂ ಗೊತ್ತಿತ್ತು. ಅವಳು ಎರಡು ದಿನ ಒಲೆ ಹಚ್ಚದೆ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಪುಟ್ಟಾಚಾರಿ ಒಡವೆ ಕೆಲಸದ ಇಕ್ಕಳವನ್ನು ಬಿಸಿನೀರಿನಲ್ಲಿ ತೊಳೆದು ತಂದು ಮಗಳ ಮುಂದೆ ಕುಳಿತ. ಕಾಮಾಕ್ಷಿ ಅವನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳು ಬಾಯಿ ತೆರೆದಳು.

ತಂತಿ ಸುಲಭವಾಗಿ ಬಂತು. ಬಿಲ್ಲೆಗಳು ಬರಲಿಲ್ಲ. ಒಂದನ್ನು ಕೀಳುವಾಗ ಮುಂದಿನ ಹಲ್ಲಿನ ಮೂಲೆ ಚಕ್ಕೆಯಾಗಿ ಹಾರಿತು. ಪುಟ್ಟಾಚಾರಿ ಇಕ್ಕಳ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಉಳಿದವನ್ನು ಕಾಮಾಕ್ಷಿ ಕನ್ನಡಿ ಹಿಡಿದು ತಾನೇ ಕಿತ್ತುಕೊಂಡಳು.

ಸಿಂಧಘಟ್ಟದವರು ಬಂದರು. ಹಲ್ಲಿನ ಸಂದು, ಮುರಿದ ಮೂಲೆ ನೋಡಿ, ಬಿದ್ದಿದ್ದಳೇ ಎಂದು ಕೇಳಿದರು. ಸುಬ್ಬಮ್ಮ ಉಪ್ಪಿಟ್ಟಿನ ತಟ್ಟೆ ಮುಂದೆ ಸರಿಸಿದಳು. ಅವರೂ ಹೇಳಿ ಕಳಿಸಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಹಲ್ಲು ಮತ್ತೆ ಮುಂದಕ್ಕೆ ಬಂದವು. ಕಿತ್ತ ನಾಲ್ಕು ಮಾತ್ರ ಬರಲಿಲ್ಲ. ಕಾಮಾಕ್ಷಿ ಒಬ್ಬಳೇ ಮೈಸೂರಿಗೆ ಹೋದಳು. ಡಾಕ್ಟರು ಬೈಯಲಿಲ್ಲ, ಮೊದಲಿನಿಂದ ಶುರು ಮಾಡಬಹುದು, ಯೋಚಿಸಿ ಬಾ ಎಂದರು. ಅವಳು ತಲೆಯಾಡಿಸಿ ಹೊರಬಂದಳು. ಊರಿನ ಬಸ್ಸು ಬಂದು ನಿಂತು ಹೊರಟುಹೋದರೂ ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಏಳಲಾಗಲಿಲ್ಲ. ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲೇ ಇಲ್ಲ.