ಒಂದು ಲೋಟ ನೀರಿನ ಸಾಕ್ಷಿ

ಶುಕ್ರವಾರ ಬೆಳಿಗ್ಗೆ ಗದಗಿನಲ್ಲಿ ಬಾಗಲಕೋಟೆಯ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಬಿ.ಪಿ. ಗುಳಿಗೆ, ಒಂದು ಡಬ್ಬಿ ಕರದಂಟು ಇದ್ದವು. ತಲೆಯಲ್ಲಿ ಒಂದೇ ವಾಕ್ಯವಿತ್ತು: 'ಈ ಹುಡುಗಿಗೆ ದೀಕ್ಷಾಸ್ನಾನ ಕೊಟ್ಟವಳು ನಾನೇ.' ಬನಹಟ್ಟಿಯ ಚರ್ಚಿನ ಸಭಾಪಾಲಕರ ಮುಂದೆ ಇದನ್ನು ಹೇಳಿ ಬರುವುದಷ್ಟೇ ನನ್ನ ಕೆಲಸ. ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದವಳಿಗೆ ಒಂದು ಸಾಕ್ಷಿ ಹೇಳುವುದೇನು ಮಹಾ ಎಂದುಕೊಂಡೇ ಕಿಟಕಿ ಪಕ್ಕ ಕೂತೆ.

ವಿಷಯ ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ ಬನಹಟ್ಟಿಯ ನೇಕಾರರ ಮನೆಯ ಸೊಸೆ ಶಾರದಮ್ಮ ಚೊಚ್ಚಲ ಹೆರಿಗೆಗೆ ತವರೂರು ಗದಗಿಗೆ ಬಂದಿದ್ದಳು. ಏಳು ತಿಂಗಳಿಗೇ ನಾನಿದ್ದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಅವಳಿ ಹೆಣ್ಣುಮಕ್ಕಳು, ಎರಡೂ ಅಂಗೈಯಷ್ಟಿದ್ದವು, ಉಳಿಯುವ ಲಕ್ಷಣ ಇರಲಿಲ್ಲ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಊರಲ್ಲಿರಲಿಲ್ಲ. ಕ್ರೈಸ್ತರಲ್ಲಿ ಒಂದು ಪದ್ಧತಿಯುಂಟು. ಕೂಸಿನ ಜೀವ ಹೋಗುವಂತಿದ್ದರೆ ಅಯ್ಯನವರಿಗೆ ಕಾಯಬೇಕಿಲ್ಲ. ಹತ್ತಿರ ಇದ್ದವರೇ ಹೆಸರು ಕರೆದು, ತಲೆಗೆ ನೀರು ಹಾಕಿ, 'ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ' ಎಂದರೆ ಸಾಕು. ವಾರ್ಡಿನ ಆಯಾ ಬೀರವ್ವ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು. ನಾನು ಇಬ್ಬರಿಗೂ ನೀರು ಹಾಕಿ ಮಾರ್ಥಾ, ಮರಿಯಾ ಎಂದು ಕರೆದೆ. ದೊಡ್ಡ ಕೂಸು ಸಂಜೆಗೆ ತೀರಿಕೊಂಡಿತು, ಚಿಕ್ಕದು ಉಳಿಯಿತು. ಮನೆಯಲ್ಲಿ ಅದಕ್ಕೆ ರೂಪಾ ಎಂದು ಹೆಸರಿಟ್ಟುಕೊಂಡರು.

ಈಗ ರೂಪಾಳ ಮದುವೆ ಗೊತ್ತಾಗಿದೆ. ಬನಹಟ್ಟಿಗೆ ಹೊಸದಾಗಿ ಬಂದ ಅಯ್ಯನವರು ದೀಕ್ಷಾಸ್ನಾನದ ದಾಖಲೆ ಕೇಳಿದ್ದಾರೆ. ದಾಖಲೆ ಇಲ್ಲ. ಬರೆಸಬೇಕಾಗಿದ್ದವಳು ನಾನು, ಬರೆಸಲಿಲ್ಲ, ಆ ತಪ್ಪು ನನ್ನದೇ. 'ಹಾಗಾದರೆ ಈಗ ಕೊಡೋಣ' ಎಂದು ಅವರು ಹೇಳಿದ್ದಕ್ಕೆ ರೂಪಾ ಒಲ್ಲೆನೆಂದಳು. ದೀಕ್ಷಾಸ್ನಾನ ಬಾಳಿನಲ್ಲಿ ಒಂದೇ ಸಲ. ಮತ್ತೆ ಮಾಡಿಸಿಕೊಂಡರೆ ಅಂದಿನದು ಬರೀ ನೀರು ಎಂದು ಒಪ್ಪಿದ ಹಾಗೆ. ಆಗ ಅದೇ ನೀರು ಹಾಕಿಸಿಕೊಂಡು ಹೋದ ಅಕ್ಕನ ಗತಿಯೇನು? "ಅಕ್ಕಗ, ನನಗ ಕೂಡಿ ಸಿಕ್ಕಿದ್ದು ಆ ಒಂದು ಲೋಟ ನೀರ ಅಲ್ರೀ ಆಂಟಿ" ಎಂದು ಅವಳು ಫೋನಿನಲ್ಲಿ ಅಂದಳು. ಆವತ್ತೇ ಎಲ್ಲ ಬರೆದು, ಸಹಿ ಹಾಕಿ ಅಯ್ಯನವರಿಗೆ ಕಳಿಸಿದೆ. ಅವರು, ಎರಡು ಸಾಕ್ಷಿ ಬೇಕು, ಖುದ್ದಾಗಿ ಬನ್ನಿ ಎಂದರು. ಎರಡನೆಯ ಸಾಕ್ಷಿ ಬೀರವ್ವ. ಆಯಾ ಕೆಲಸ ಬಿಟ್ಟ ಮೇಲೆ ಅವಳು ಗಲಗಲಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಹಾಗಾಗಿ ನನ್ನ ದಾರಿ ಬೀಳಗಿಯ ಮೇಲೆ ಸುತ್ತಿಕೊಂಡು ಹೋಯಿತು.

ಬಾಗಲಕೋಟೆಯಲ್ಲಿ ಬೀಳಗಿ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆ. ಕಂಡಕ್ಟರು ಆಧಾರ್ ಕಾರ್ಡನ್ನೂ ನನ್ನ ಮುಖವನ್ನೂ ನಾಲ್ಕು ಸಲ ನೋಡಿ, "ದಯಾವತಿಬಾಯಾರ, ಈ ಫೋಟೋ ನಿಮ್ಮದೋ ನಿಮ್ಮ ಮಗಳದೋ?" ಎಂದ. "ಮದುವಿನ ಆಗಿಲ್ಲಪ, ಮಗಳು ಎಲ್ಲಿಂದ ಬರಬೇಕು? ಟಿಕೆಟ್ ಹರಿ" ಎಂದೆ. ಸೊನ್ನೆ ರೂಪಾಯಿಯ ಟಿಕೆಟ್ ಕೈಗೆ ಬಂತು. ಅನಗವಾಡಿಯ ಸೇತುವೆಯ ಕೆಳಗೆ ಘಟಪ್ರಭೆಯ ನೀರು ಕಣ್ಣು ಹಾಯುವಷ್ಟು ದೂರ ನಿಂತಿತ್ತು. ಜನವರಿಯ ಬಿಸಿಲು ಹಿತವಾಗಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹಾಡು ಹಚ್ಚಿಕೊಂಡು ನಡುರಸ್ತೆಯಲ್ಲೇ ಹೊರಟಿದ್ದವು. ನಮ್ಮ ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಬೀಳಗಿಯಲ್ಲಿ ಮುಕ್ಕಾಲು ತಾಸು ಕಾದು ಗಲಗಲಿ ಬಸ್ಸು ಹಿಡಿದು ಮೂರು ಗಂಟೆಗೆ ಇಳಿದೆ. ಬೀರವ್ವ ಸ್ಟ್ಯಾಂಡಿನಲ್ಲೇ ಕೂತಿದ್ದಳು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ನೆಟ್ಟಗಿದೆ. ಹಣೆಯ ತುಂಬ ಬೀರೇಶ್ವರನ ಭಂಡಾರ, ಅರಿಸಿನದ ಪುಡಿ. ಆಸ್ಪತ್ರೆಯಲ್ಲಿದ್ದಾಗಲೂ ಯಾರು ಏನೆಂದರೂ ಅವಳು ಅದನ್ನು ಅಳಿಸಿದವಳಲ್ಲ.

"ಬಾಳ ಮುದುಕಿ ಆದ್ರಿ ಸಿಸ್ಟರ್" ಎಂದಳು ಮೊದಲ ಮಾತಿಗೇ.

"ನೀ ಏನು ಹರೇದಾಕಿ ಅದಿ ನೋಡು" ಎಂದೆ.

ಮನೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಹಟ್ಟಿಯಲ್ಲಿ ಮರಿಗಳಷ್ಟೇ ಅರಚುತ್ತಿದ್ದವು. ಊಟವಾದ ಮೇಲೆ ಕೃಷ್ಣೆಯ ದಂಡೆಗೆ ಹೋಗಿ ಕೂತೆವು. ಹೊಳೆ ತುಂಬಿತ್ತು.

"ನಿಮ್ಮ ಮಂದಿ ಇಲ್ಲೂ ಬರತಾರ್ರಿ" ಎಂದಳು ಬೀರವ್ವ. "ಬಿಳಿ ಅರಿವಿ ಹಾಕ್ಕೊಂಡು ಹೊಳಿಯಾಗ ಪೂರಾ ಮುಳುಗಿ ಏಳತಾರ. ಮೊಸಳಿ ಐತಿ, ಲಗೂ ಮುಗಸ್ರಿ ಅಂತ ನಾ ದಂಡಿಮ್ಯಾಲಿಂದ ಒದರತೀನಿ. ನೀವು ಒಂದ ಚಮಚಾ ನೀರಾಗ ಮುಗಸಿದ್ರಿ. ಯಾವುದ್ರಿ ಖರೇದು?"

ದೊಡ್ಡವರಾಗಿ ನಂಬಿಕೆ ಹೇಳಿದ ಮೇಲೆ ಮುಳುಗಿಸುವ ಕ್ರೈಸ್ತ ಸಭೆಗಳಿವೆ, ನಮ್ಮಂತೆ ಕೂಸಿನ ತಲೆಗೆ ನೀರು ಹಾಕುವ ಸಭೆಗಳೂ ಇವೆ, ನೀರು ಎಷ್ಟು ಅನ್ನುವುದಕ್ಕಿಂತ ಯಾರ ಹೆಸರಿನಲ್ಲಿ ಅನ್ನುವುದು ದೊಡ್ಡದು, ಹಳೆಯ ಬಾಳು ಮುಳುಗಿ ಹೊಸದು ಏಳುತ್ತದೆ ಎಂಬುದೇ ಅದರ ಅರ್ಥ ಎಂದು ನಾನು ಒಂದು ಉಪದೇಶವನ್ನೇ ಮಾಡಿದೆ. ಅವಳು ಕಡ್ಡಿಯಿಂದ ಮಣ್ಣು ಕೆದಕುತ್ತ ಕೇಳಿದಳು. ಆಮೇಲೆ ನಾನು ಕೆಲಸದ ಮಾತಿಗೆ ಬಂದೆ.

"ನಾಳೆ ನೀ ಇಷ್ಟ ಹೇಳಿದ್ರ ಸಾಕು. ಸಿಸ್ಟರ್ ಎರಡೂ ಕೂಸಿಗೆ ನೀರು ಹಾಕಿ ಮಾರ್ಥಾ, ಮರಿಯಾ ಅಂತ ಕರದ್ರು, ನಾ ಕಣ್ಣಾರೆ ನೋಡೀನಿ ಅಂತ."

"ಮರಿಯಾ ಅಂದ್ರ ಯಾರ್ರಿ?"

"ಸಣ್ಣದು. ಉಳೀತಲ್ಲ, ರೂಪಾ."

ಬೀರವ್ವ ಕಡ್ಡಿ ಎಸೆದಳು. "ದೊಡ್ಡದಕ್ಕ ನೀವು ಹಾಕಿದ್ದು ಖರೆ. ಅಷ್ಟೊತ್ತಿಗೆ ಹೆರಿಗಿ ಖೋಲಿಯಿಂದ ಕೂಗಿದ್ರು, ಇನ್ನೊಬ್ಬಾಕಿಗೆ ರಕ್ತ ನಿಲ್ಲವಲ್ದು ಅಂತ. ಲೋಟ ನನ್ನ ಕೈಯಾಗ ಕೊಟ್ಟು ಓಡಿದ್ರಿ. ಸಣ್ಣದು ನೀಲಿಗಟ್ಟಾಕತ್ತಿತ್ತು. ಬಾಗಲಾ ನೋಡಿದೆ, ನೋಡಿದೆ, ನೀವು ಬರಲಿಲ್ಲ. ನಾನೇ ಹಾಕಿದೆ."

"ನೀನು?"

"ನೀವು ಅಂದಂಗ ಅಂದೆ, ಹಾಕಿದಂಗ ಹಾಕಿದೆ."

"ಇಷ್ಟು ವರ್ಷ ಯಾಕ ಹೇಳಲಿಲ್ಲ ಬೇ?"

"ತಿರುಗಿ ಬಂದು, ಇಬ್ಬರಿಗೂ ಆತಲ್ಲ ಅಂದ್ರಿ. ಆಗಿತ್ತು, ಹ್ಞೂ ಅಂದೆ. ಯಾರು ಹಾಕಿದ್ರು ಅಂತ ನೀವು ಕೇಳಲಿಲ್ಲ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ. ಕಣ್ಣು ಮುಚ್ಚಿ ನೆನೆಸಿಕೊಂಡೆ. ಮಾರ್ಥಾಳ ಒದ್ದೆ ತಲೆ ಬೆರಳ ತುದಿಗೆ ಈಗಲೂ ನೆನಪಿದೆ. ಮರಿಯಾಳದು ಏನೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಚರ್ಚಿನ ಸ್ತ್ರೀಯರ ಕೂಟದಲ್ಲಿ ಆ ಕತೆಯನ್ನು ವರ್ಷವರ್ಷ ಹೇಳುತ್ತಿದ್ದ ನನ್ನದೇ ಧ್ವನಿ. ಹಾಡಿದ್ದೇ ಹಾಡುವ ಕಿಸಬಾಯಿ ದಾಸ ಕೊನೆಗೆ ತನ್ನ ಹಾಡನ್ನು ತಾನೇ ನಂಬಿದ ಹಾಗಾಗಿತ್ತು. ಹೆರಿಗೆ ಖೋಲಿಗೆ ಓಡಿದ್ದು ಮಾತ್ರ ಈಗ ಚೆನ್ನಾಗಿ ನೆನಪಾಯಿತು. ಆ ಬಾಣಂತಿ ಬದುಕಿದಳು.

ಶನಿವಾರ ಬೆಳಿಗ್ಗೆ ಜಮಖಂಡಿ ಬಸ್ಸಿಗಿಂತ ಮುಧೋಳದ ಬಸ್ಸು ಮೊದಲು ಬಂತು, ಅದನ್ನೇ ಹತ್ತಿದೆವು. ಬೀರವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತ ಕೂತೆ. ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ಮನಿದ್ದರೆ ನನ್ನ ಕಾಗದವೇ ಸಾಕ್ಷಿ, ಹುಡುಗಿಯ ಮದುವೆ ಸಸೂತ್ರ. ನಿಜ ಹೇಳಿದರೆ, ಬೀರೇಶ್ವರನ ಭಕ್ತೆ ಹಾಕಿದ ನೀರನ್ನು ಯಾವ ಅಯ್ಯನವರು ಒಪ್ಪುತ್ತಾರೆ?

ಮುಧೋಳದ ಸ್ಟ್ಯಾಂಡಿನ ಎದುರು ಚುರುಮುರಿ ಸುಸಲಾ, ಮಿರ್ಚಿ ತಿಂದೆವು. ನಲವತ್ತು ರೂಪಾಯಿಗೆ ಪ್ಲೇಟು ತುಂಬ ಕೊಟ್ಟ. ನನಗೆ ಅರ್ಧವೂ ಸೇರಲಿಲ್ಲ.

ನನ್ನ ಮಿರ್ಚಿಯನ್ನೂ ತನ್ನ ಪ್ಲೇಟಿಗೆ ಹಾಕಿಕೊಳ್ಳುತ್ತ ಬೀರವ್ವ ಅಂದಳು, "ನೀವು ಹೆಂಗ ಹೇಳ್ತೀರಿ ಹಂಗ ನಾ ಹ್ಞೂ ಅಂತೀನ್ರಿ. ನನಗೇನು ಅದರಾಗ ಹೆಸರು ಬೇಕಾಗಿಲ್ಲ."

ಆ ಮಾತೇ ನನ್ನನ್ನು ಚುಚ್ಚಿತು. ಇಪ್ಪತ್ತೇಳು ವರ್ಷ ಅವಳ ಹೆಸರು ಬಿಟ್ಟೇ ಕತೆ ಹೇಳಿದವಳು ನಾನು. ನೀರು ತಂದುಕೊಟ್ಟ ಆಯಾ ಎಂದಷ್ಟೇ ಹೇಳುತ್ತಿದ್ದೆ. ಜಮಖಂಡಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಗಿತ್ತು. ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು ಬನಹಟ್ಟಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದೆ.

ಬನಹಟ್ಟಿಯ ಆ ಓಣಿಯಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಮನೆಮನೆಯಲ್ಲೂ ಮಗ್ಗ ಕುಟ್ಟುತ್ತಿರುತ್ತವೆ. ರೂಪಾ ತಮ್ಮ ಮಗ್ಗದ ಮುಂದೆ ನಿಂತು ತುಂಡಾದ ಎಳೆಗೆ ಗಂಟು ಹಾಕುತ್ತಿದ್ದಳು. ಎತ್ತರದ, ಗಟ್ಟಿಮುಟ್ಟಾದ ಹುಡುಗಿ. ನಮ್ಮನ್ನು ಕಂಡು ಅವಳ ಅಪ್ಪ ಕರೆಂಟಿನ ಗುಂಡಿ ಆರಿಸಿದರು. ಶಾರದಮ್ಮ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬೀರವ್ವನ ಗುರುತು ಅವಳಿಗೆ ಸಿಗಲಿಲ್ಲ. ಅಯ್ಯನವರು ಚಾಪೆಯ ಮೇಲೆ ದಪ್ಪ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ಮೂವತ್ತೈದರ ಆಸುಪಾಸು, ಮಾತು ಕಮ್ಮಿ.

"ನಿಮ್ಮ ಕಾಗದ ಓದೀನ್ರಿ. ಹಂಗೇ ಬರಕೊಳ್ಳಲ್ರಿ?" ಎಂದರು.

"ಬ್ಯಾಡ್ರಿ. ಅದರಾಗ ಅರ್ಧಾ ಸುಳ್ಳೈತಿ" ಎಂದೆ.

ನಡೆದದ್ದನ್ನೆಲ್ಲ ಹೇಳಿದೆ. ಶಾರದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯನವರು ಪೆನ್ನಿಗೆ ಟೊಪ್ಪಿಗೆ ಹಾಕಿ ರಿಜಿಸ್ಟರ್ ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು, "ಇಂಥಾದ್ದಕ್ಕ ಒಂದು ದಾರಿ ಐತ್ರಿ. ಮೊದಲು ಆಗಿರದಿದ್ದರ ಈಗ ಆಗಲಿ ಅಂತ ಅಂದು ನೀರು ಹಾಕೂದು. ಸಂಶಯ ಉಳಿಯೂದಿಲ್ಲ."

"ಆಗಿರದಿದ್ದರ ಅಂತ ನಾ ಹೆಂಗ ಅನ್ನಿಸಿಕೊಳ್ಳಲ್ರಿ?" ಎಂದಳು ರೂಪಾ. "ಅಕ್ಕಗ ಹಾಕಿದ ಲೋಟದ ನೀರ ನನಗೂ ಹಾಕ್ಯಾರ. ಈ ಅಮ್ಮ ಹಾಕದಿದ್ರ ಆವತ್ತು ನನಗ ಯಾರು ಹಾಕವರು?"

ಅಯ್ಯನವರು ಬೀರವ್ವನ ಕಡೆ ತಿರುಗಿದರು. "ಅವ್ವಾ, ಹಾಕಿದ್ದು ಎಂಥಾ ನೀರು?"

"ನಳದ್ದು."

"ಏನಂದಿ?"

"ತಂದಿ ಹೆಸರಲೆ, ಮಗನ ಹೆಸರಲೆ, ಪವಿತ್ರಾತ್ಮನ ಹೆಸರಲೆ ನಿನಗ ದೀಕ್ಷಾಸ್ನಾನ ಮಾಡಸ್ತೀನಿ ಅಂತ. ಆ ವಾರ್ಡಿನಾಗ ಎಷ್ಟ ಸಲ ಕೇಳಿದ್ದೆ, ಬಾಯಿಪಾಠ ಆಗಿತ್ರಿ."

"ಮನಸಿನ್ಯಾಗ ಏನಿತ್ತು?"

ಬೀರವ್ವ ಸ್ವಲ್ಪ ಯೋಚಿಸಿದಳು. "ಇದು ಇವರ ಕೂಸು. ಇವರ ದೇವರ ಉಡಿಯಾಗ ಇವರ ಪದ್ಧತಿಲೇ ಹಾಕಬೇಕು ಅಂತಿತ್ರಿ. ನಮ್ಮ ಬೀರಪ್ಪನ ಹೆಸರು ತಗೀಲಿಲ್ಲ. ಅವ ಸಿಟ್ಟಾಗೂದಿಲ್ಲ ಅಂತ ನನಗ ಗೊತ್ತಿತ್ತು."

"ಕೂಸಿಗೆ ಏನಂತ ಕರದಿ?"

ಅವಳು ನನ್ನ ಕಡೆ ನೋಡಿದಳು. "ಇವರ ಹೆಸರಿಟ್ಟೆ. ದಯಾವತಿ ಅಂತ. ನಿಮ್ಮ ಮಂದಿ ಹೆಸರು ಗಡಿಬಿಡಿಯಾಗ ಮತ್ತೊಂದು ನೆನಪಾಗಲಿಲ್ರಿ."

ಗಲಗಲಿಯಲ್ಲಿ ಇದನ್ನು ಕೇಳುವ ಎಚ್ಚರವೇ ನನಗಿರಲಿಲ್ಲ. ನನ್ನ ಹೆಸರು ನನ್ನ ಜೊತೆಗೇ ಮುಗಿಯುತ್ತದೆ ಎಂದುಕೊಂಡಿದ್ದವಳು ನಾನು. ಎಲ್ಲರೆದುರು ಅತ್ತುಬಿಟ್ಟೆ. ನರ್ಸ್ ಕೆಲಸದ ಮೂವತ್ತೆರಡು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ.

ಅಯ್ಯನವರು ರಿಜಿಸ್ಟರ್ ತೆರೆದರು. "ನೀರು ಇತ್ತು, ದೇವರ ಹೆಸರಿತ್ತು, ನಮ್ಮ ಸಭೆ ಏನು ಮಾಡತೈತಿ ಅದನ್ನ ಮಾಡಬೇಕು ಅನ್ನೂ ಮನಸ್ಸಿತ್ತು. ಕೊಡಾಂವ ದೇವರು, ಕೈ ಯಾರದರ ಇರಲಿ. ಇದರ ಮ್ಯಾಲ ನಾ ಮತ್ತ ನೀರು ಹಾಕೂದಿಲ್ಲ. ನನ್ನ ಮ್ಯಾಲಿನವರು ಕೇಳಿದ್ರ ನಾ ಉತ್ತರಾ ಕೊಡತೀನಿ" ಎಂದರು. ಹೆಸರಿನ ಅಂಕಣದಲ್ಲಿ 'ದಯಾವತಿ, ರೂಪಾ ಎಂದು ಕರೆಯಲ್ಪಡುವವಳು' ಎಂದು ಬರೆದರು. ಕೊಟ್ಟವರ ಅಂಕಣದಲ್ಲಿ 'ಬೀರವ್ವ, ಗಲಗಲಿ' ಎಂದು ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಕ್ಷಿಯ ಅಂಕಣದಲ್ಲಿ ನಾನು ಸಹಿ ಹಾಕಿದೆ. ಶಾರದಮ್ಮ ಕೇಳಿಕೊಂಡಳೆಂದು ಮೇಲಿನ ಸಾಲಿನಲ್ಲಿ ಮಾರ್ಥಾಳನ್ನೂ ಬರೆದರು. ಅಕ್ಕತಂಗಿ ಒಂದೇ ಹಾಳೆಯಲ್ಲಿ ಕೂತರು.

ಭಾನುವಾರ ಆರಾಧನೆಯಲ್ಲಿ ಬೀರವ್ವ ಭಂಡಾರದ ಹಣೆಯಲ್ಲೇ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತಳು. ಮಧ್ಯಾಹ್ನ ರೂಪಾ ನಮ್ಮನ್ನು ಕಳಿಸಲು ಸ್ಟ್ಯಾಂಡಿಗೆ ಬಂದಳು. ಜಮಖಂಡಿಯವರೆಗೆ ನಾವಿಬ್ಬರೂ ಕೂಡಿ, ಅಲ್ಲಿಂದ ಅವಳು ಗಲಗಲಿಗೆ, ನಾನು ಲೋಕಾಪುರದ ಮೇಲೆ ಬಾಗಲಕೋಟೆಗೆ. ಬಸ್ಸು ಬಂತು. ನಾನು ಮೊದಲು ಹತ್ತಿ ಸೀಟು ಹಿಡಿದು ಕಿಟಕಿಯಿಂದ ಹೊರಗೆ ನೋಡಿದೆ.

ರೂಪಾ ಬಗ್ಗಿ ಬೀರವ್ವನ ಕಾಲು ಮುಟ್ಟಿದಳು. ಬೀರವ್ವನ ಬೆರಳು ಅಭ್ಯಾಸಬಲದಿಂದ ಸೊಂಟದ ಭಂಡಾರದ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು. ಕೈ ಸೆರಗಿಗೆ ಒರೆಸಿಕೊಂಡು ಹುಡುಗಿಯ ತಲೆಯ ಮೇಲೆ ಬರೀ ಅಂಗೈ ಇಟ್ಟಳು. ಒಂದು ಸಾಲಲಿಲ್ಲವೆಂದು ಇನ್ನೊಂದನ್ನೂ ಇಟ್ಟಳು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅವಳು ನನ್ನ ಕಡೆ ತಿರುಗಿ ಕೂಗಿ ಹೇಳಿದಳು:

"ಆವತ್ತ ಈ ತಲಿ ನನ್ನ ಒಂದ ಅಂಗೈಯಾಗ ಹಿಡದಿತ್ರಿ ಸಿಸ್ಟರ್. ಈಗ ನೋಡ್ರಿ, ಎರಡೂ ಕೈ ಸಾಲವಲ್ವು."