ನೀರಕ್ಕ ಹೊಡೆದುಹಾಕಿದ ಸಾಲು

ಅಲ್ಲ ಪುಟ್ಟಿ, ನೀನು ತಿಳಿದುಕೊಂಡಿರುವುದು ತಪ್ಪು. ನಿನ್ನ ಚಿಕ್ಕಜ್ಜಿ ಹೋದ ಹೋದ ಮನೆಯಲ್ಲೆಲ್ಲ ನೀರು ಕೇಳುತ್ತಿದ್ದದ್ದು ಬಾಯಾರಿಕೆಗಲ್ಲ. ಅವಳ ಚೀಲದಲ್ಲೇ ಒಂದು ದೊಡ್ಡ ಬಾಟಲಿ ಇರುತ್ತಿತ್ತು. ಬೆಳಿಗ್ಗೆ ನಾನೇ ತುಂಬಿಸಿಕೊಡುತ್ತಿದ್ದೆ, ಮುಚ್ಚಳ ಬಿಗಿಯಾಗಿ ಹಾಕಲಿಲ್ಲವೆಂದು ನನ್ನನ್ನೇ ಬೈಯುತ್ತಿದ್ದಳು. ಅಕ್ಕ ಎಂಬ ಭಯ ಎಲ್ಲಿ ಬಂತು ಅವಳಿಗೆ! ಆದರೂ ಕಂಡವರ ಮನೆಯಲ್ಲಿ ನೀರು ಕೇಳುತ್ತಿದ್ದಳು. ಇಡೀ ಪೇಟೆಗೆ ಅವಳು ನೀರಕ್ಕ ಆದದ್ದು ಹಾಗೆ. ಕೂತುಕೋ, ಹೇಳುತ್ತೇನೆ. ಆ ಅಂಗಿಗಳ ಚೀಲ ಅಲ್ಲೇ ಇರಲಿ, ಅದರ ಮಾತು ಆಮೇಲೆ.

ನೀರಕ್ಕನಿಗೆ ನಗರಸಭೆಯ ನೆರವು ವಿಭಾಗದಲ್ಲಿ ಕೆಲಸ. ವಯಸ್ಸಾದವರು, ಕಾಯಿಲೆಯವರು ಅರ್ಜಿ ಹಾಕಿದರೆ ಆ ವಿಭಾಗದವರು ದಿನಕ್ಕೆ ಎರಡು ಗಂಟೆ ಒಬ್ಬ ಸಹಾಯಕಿಯನ್ನು ಮನೆಗೆ ಕಳಿಸುತ್ತಾರೆ. ಯಾರಿಗೆ ನಿಜವಾಗಿ ಬೇಕು ಎಂದು ಮನೆಮನೆಗೆ ಹೋಗಿ ನೋಡಿ ಬರುವವಳು ನೀರಕ್ಕ. ಇದರಲ್ಲೊಂದು ತಮಾಷೆ ಇದೆ ನೋಡು. ನೆರವು ಬೇಕೆಂದು ಅರ್ಜಿ ಹಾಕಿದವರೇ, ನೋಡಲು ಜನ ಬರುತ್ತಾರೆ ಎಂದರೆ ಹಿಂದಿನ ದಿನವೇ ಮನೆ ಗುಡಿಸಿ, ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಟ್ಟು ಕೂತುಬಿಡುತ್ತಾರೆ. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಾರೆ. ಬಂದವರ ಮುಂದೆ ಬಡತನ, ನೋವು ಹರಡುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಬಂದವರು ಅದನ್ನೇ ಬರೆದುಕೊಂಡು ಹೋದರೆ ಸಹಾಯಕಿ ಬರುವುದಿಲ್ಲ.

ಅದಕ್ಕೇ ನೀರಕ್ಕ ಬಾಯಿಮಾತು ನಂಬುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು, "ಒಂದು ಲೋಟ ನೀರು ಕೊಡ್ತೀರಾ ಅಮ್ಮ?" ಎನ್ನುತ್ತಿದ್ದಳು. ಏಳುವಾಗ ಮಂಡಿ ಹಿಡಿದು ಎದ್ದರೋ, ಗೋಡೆ ಹಿಡಿದು ಎದ್ದರೋ. ಲೋಟ ಒಂದು ಕೈಯಲ್ಲಿ ಬಂತೋ, ಎರಡು ಕೈಯಲ್ಲಿ ಬಂತೋ. ಬಾಗಿಲಿಂದ ಕುರ್ಚಿಯವರೆಗೆ ಎಷ್ಟು ಚೆಲ್ಲಿತು. ಆ ಒಂದು ಲೋಟದಲ್ಲಿ ಅವಳಿಗೆ ಇಡೀ ಮನೆ ಕಾಣುತ್ತಿತ್ತು. ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು, ತಮ್ಮ ಗಟ್ಟಿತನ ತೋರಿಸಲು ನೀರು ಹಿಡಿದು ಓಡಿಕೊಂಡೇ ಬಂದರು. ಕೊಟ್ಟು ಕೂತವರು ಮತ್ತೆ ಏಳಲು ಆಗಲಿಲ್ಲ. ಇವಳೇ ರಟ್ಟೆ ಹಿಡಿದು ಎಬ್ಬಿಸಿದಳು. ಆಗಲೂ, "ಮೇಡಂ, ಇದು ಇವತ್ತು ಮಾತ್ರ" ಎಂದರಂತೆ! ನಾವು ವಾರವೆಲ್ಲ ನಕ್ಕಿದ್ದೆವು. ಆ ಮೇಷ್ಟ್ರಿಗೆ ಸಹಾಯಕಿ ಸಿಕ್ಕಿದಳು, ಬಿಡು.

ನೋಡಿದ್ದನ್ನು ಅಲ್ಲೇ ಕೂತು ಆಫೀಸಿನ ನೀಲಿ ವರದಿ ಹಾಳೆಯ ಕೊನೆಯ ಸಾಲಿನಲ್ಲಿ ಶಾಯಿಯಲ್ಲಿ ಬರೆಯಬೇಕು. ಹತ್ತೊಂಬತ್ತು ವರ್ಷದಲ್ಲಿ ನೀರಕ್ಕ ಒಂದು ಸಾಲನ್ನೂ ಹೊಡೆದುಹಾಕಿದವಳಲ್ಲ. ಆಫೀಸಿನ ಗುಮಾಸ್ತ, "ಅಕ್ಕನ ಹಾಳೇಲಿ ಒಂದು ಗೀಟು ತೋರಿಸಿ, ನನ್ನ ಮೀಸೆ ಬೋಳಿಸ್ತೀನಿ" ಎನ್ನುತ್ತಿದ್ದ. ಇವಳಿಗೂ ಅದು ಕೇಳಲು ಇಷ್ಟವೇ. ನನ್ನ ತಂಗಿ ಎಂದು ಸುಳ್ಳು ಹೇಳಲೇ?

ಹೀಗಿರುವಾಗ ಇಸ್ತ್ರಿಯಮ್ಮನ ಅರ್ಜಿ ಬಂತು. ಹಳೆಯ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ, ಒಂದೇ ಕೋಣೆ, ಕಿಟಕಿಗೆ ತಾಗಿಸಿ ಇಸ್ತ್ರಿ ಮೇಜು. ನಲವತ್ತು ವರ್ಷದಿಂದ ಆ ಓಣಿಯ ಅಂಗಿಗಳೆಲ್ಲ ಆಕೆಯ ಕೈಯಿಂದಲೇ ಮೈಗೇರುವುದು. ಅರ್ಜಿ ಹಾಕಿದ್ದು ಆಕೆಯಲ್ಲ, ಬೇರೆ ಊರಿನಲ್ಲಿದ್ದ ತಂಗಿ. ಅಕ್ಕನಿಗೆ ಕಣ್ಣು ಮಂಜಾಗುತ್ತಿದೆ, ಆಸ್ಪತ್ರೆಗೆ ಬಾ ಎಂದರೂ ಬರುವುದಿಲ್ಲ ಎಂದು ಬರೆದಿದ್ದಳು. ಅಕ್ಕನಿಗೂ ಖಂಡಿತವಾಗಿ ಹೇಳಿದ್ದಳು: "ಸಹಾಯಕಿ ಬಂದ್ರೆ ನೀನು ಇಲ್ಲೇ ಇರು. ಬರದೇ ಇದ್ರೆ ತಿಂಗಳ ಕೊನೆಗೆ ನಮ್ಮೂರಿನ ವೃದ್ಧಾಶ್ರಮಕ್ಕೆ ಹೊರಡೋದೇ. ನಾನು ಅಲ್ಲಿ ಕೂತು ದಿನಾ ಎದೆ ಬಡಕೊಳ್ಳಕ್ಕಾಗಲ್ಲ." ಅಲ್ಲಿಗೆ ಹೋದರೆ ಕೋಣೆ ಹೋಯಿತು, ಮೇಜು ಹೋಯಿತು, ಕೈಯ ಕೆಲಸ ಹೋಯಿತು.

ಇಸ್ತ್ರಿಯಮ್ಮ ಅದನ್ನು ತಿರುವುಮುರುವಾಗಿ ತಿಳಿದುಕೊಂಡಳು. ಕಣ್ಣು ಕಾಣುವುದಿಲ್ಲ ಎಂದು ಸರ್ಕಾರಿ ಹಾಳೆಯಲ್ಲಿ ಬಿದ್ದರೆ ಆಫೀಸಿನವರೇ ಎತ್ತಿಕೊಂಡು ಹೋಗಿ ವೃದ್ಧಾಶ್ರಮಕ್ಕೆ ಹಾಕುತ್ತಾರೆ ಎಂದು ಆಕೆಯ ಲೆಕ್ಕ.

ನೀರಕ್ಕ ಬೆಳಿಗ್ಗೆ ಹತ್ತಕ್ಕೆ ಹೋದಳು. ಕೋಣೆ ಕನ್ನಡಿಯ ಹಾಗಿತ್ತು. ಇಸ್ತ್ರಿಯಮ್ಮ ಕೈ ಹಿಡಿದು ಬರಮಾಡಿಕೊಂಡಳು, ಅಂಗಿಯ ತೋಳು ಸವರಿದಳು, ಹುಬ್ಬು ಗಂಟಿಕ್ಕಿದಳು.

"ಈ ತೋಳನ್ನ ಯಾರಮ್ಮ ಇಸ್ತ್ರಿ ಮಾಡಿದ್ದು? ಗೆರೆ ಎರಡು ಬಿದ್ದಿದೆ. ಆಫೀಸಿಗೆ ಹೋಗೋರು ಹೀಗಾ ಓಡಾಡೋದು?"

ನೀರಕ್ಕ ನೋಡಿಕೊಂಡಳು, ನಿಜವೇ, ಎರಡು ಗೆರೆ. ನಾಚಿಕೆಯಾಯಿತು. ಅದು ನಾನು ಅವಸರದಲ್ಲಿ ಮಾಡಿದ ಇಸ್ತ್ರಿ, ಆ ಮಾತು ಬೇಡ. ಕೂತು ನೀರು ಕೇಳಿದಳು. ಇಸ್ತ್ರಿಯಮ್ಮ ಸರಸರನೆ ಹೋದಳು, ಸರಸರನೆ ಬಂದಳು. ಲೋಟ ಅಂಚಿನವರೆಗೆ ತುಂಬಿತ್ತು, ಒಂದು ಹನಿ ಕೆಳಗೆ ಬಿದ್ದಿರಲಿಲ್ಲ. ನೀರಕ್ಕ ಕುಡಿಯುತ್ತಲೇ ಹಾಳೆ ತೆಗೆದು ಬರೆದಳು: "ಕಣ್ಣು ಚೆನ್ನಾಗಿದೆ. ಸಹಾಯಕಿ ಬೇಕಿಲ್ಲ."

ಎದ್ದಳು. ಲೋಟವನ್ನು ಕಿಟಕಿಯ ಅಂಚಿನ ಮೇಲಿಟ್ಟಳು. ಕುರ್ಚಿ ದಾರಿಗೆ ಅಡ್ಡವಾಗದಿರಲಿ ಎಂದು ಇಸ್ತ್ರಿ ಮೇಜಿನ ಕಡೆಗೆ ಸರಿಸಿದಳು. ಎರಡೂ ಮರ್ಯಾದೆಗೆ ಮಾಡಿದ ಕೆಲಸ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋದಾಗ ಪೆನ್ನು ಬಿಟ್ಟುಬಂದದ್ದು ನೆನಪಾಯಿತು. ತಿರುಗಿ ಬಂದು ಹೊಸ್ತಿಲಲ್ಲಿ ನಿಂತಳು.

ಇಸ್ತ್ರಿಯಮ್ಮ ಲೋಟಕ್ಕಾಗಿ ಪುಟ್ಟ ಮಣೆಯ ಮೇಲೆ ಕೈಯಾಡಿಸುತ್ತಿದ್ದಳು. ಲೋಟ ಯಾವಾಗಲೂ ಇರುವುದು ಅಲ್ಲೇ. ಮಣೆ ಖಾಲಿ. ಮೇಜಿನ ಕಡೆ ತಿರುಗಿದಳು, ಸರಿಸಿಟ್ಟ ಕುರ್ಚಿಗೆ ಮೊಣಕಾಲು ಬಡಿಯಿತು. ಮುಗ್ಗರಿಸಿದ ಕೈ ಆಸರೆಗೆಂದು ನೇರವಾಗಿ ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ಹೋಗುತ್ತಿತ್ತು.

"ಅಮ್ಮಾ, ಕೈ!" ನೀರಕ್ಕ ಚೀಲ ಎಸೆದು ಓಡಿ ಮಣಿಕಟ್ಟು ಹಿಡಿದುಕೊಂಡಳು. ಇಸ್ತ್ರಿಯಮ್ಮನ ರವಿಕೆಯ ಉದ್ದ ತೋಳು ಹಿಂದಕ್ಕೆ ಸರಿಯಿತು. ಒಳಗೆ ಮೊಣಕೈವರೆಗೆ ಸುಟ್ಟ ಗಾಯಗಳು, ಹಳೆಯವು, ಹೊಸವು.

ನೀರಕ್ಕ ಆಕೆಯನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದಳು.

"ಹೋಗ್ಲಿಲ್ವಾ ನೀವು?" ಎಂದಳು ಇಸ್ತ್ರಿಯಮ್ಮ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

"ಇಲ್ಲಮ್ಮ. ನನ್ನ ತೋಳಿನ ಗೆರೆ ಹೇಗೆ ಕಾಣಿಸ್ತು ನಿಮಗೆ?"

"ಕಾಣಿಸೋದೇನು, ಬೆರಳಿಗೆ ಸಿಕ್ತು. ನಲವತ್ತು ವರ್ಷದ ಬೆರಳು."

"ನೀರು?"

"ಕೊಡದ ಹತ್ರ ಹನ್ನೊಂದು ಹೆಜ್ಜೆ, ವಾಪಸ್ ಹನ್ನೊಂದು. ನೀವು ಎಲ್ಲರ ಮನೇಲೂ ನೀರು ಕೇಳ್ತೀರಿ ಅಂತ ಪೇಟೆಗೆಲ್ಲ ಗೊತ್ತು. ಎಂಟು ದಿನ ಅಭ್ಯಾಸ ಮಾಡಿದ್ದೆ." ಇಷ್ಟು ಹೇಳಿ ಆಕೆಗೇ ನಗು ಬಂತು. ಆಮೇಲೆ ಅಳು ಬಂತು. "ಬರೀಬೇಡಿ ಮೇಡಂ. ಬರೆದ್ರೆ ನನ್ನನ್ನ ಎತ್ಕೊಂಡು ಹೋಗ್ತಾರೆ."

"ಅಯ್ಯೋ, ಉಲ್ಟಾ ತಿಳ್ಕೊಂಡಿದೀರಲ್ಲಮ್ಮ! ಬರೀದೇ ಇದ್ರೆ ನಿಮ್ಮ ತಂಗಿ ಎತ್ಕೊಂಡು ಹೋಗ್ತಾರೆ. ಬರೆದ್ರೆ ನೀವು ಇಲ್ಲೇ, ಈ ಮೇಜಿನ ಮುಂದೇನೇ."

ಇಸ್ತ್ರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕೆಲಸಕ್ಕೆ ಅವಳು ಕೈ ಹಾಕಬಾರ್ದು."

"ಪೆಟ್ಟಿಗೆ ಕಾಯಿಸಿ ಹಿಡಿಯನ್ನ ನಿಮ್ಮ ಕೈಗೆ ಕೊಡ್ತಾಳೆ. ಕಣ್ಣಾಸ್ಪತ್ರೆಗೂ ಅವಳ ಜತೆ ಹೋಗಿಬರ್ಬೇಕು. ಒಪ್ಪಿಗೇನಾ?"

"ಬರೀರಿ ಹಾಗಾದ್ರೆ. ಅಕ್ಷರ ದುಂಡಗಿರ್ಲಿ."

ನೀರಕ್ಕ ಅಲ್ಲೇ ಕೂತು, ಬರೆದ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದಳು. ಹತ್ತೊಂಬತ್ತು ವರ್ಷದ ಹೆಮ್ಮೆ, ಒಂದು ಗೀಟಿಗೆ ಹೋಯಿತು. ಕೆಳಗೆ ಬರೆದಳು: "ಕಣ್ಣು ಕಾಣುವುದಿಲ್ಲ. ಸಹಾಯಕಿ ಬೇಕೇ ಬೇಕು." ಪಕ್ಕದಲ್ಲಿ ಸಹಿ.

ಗುರುವಾರ ಅರ್ಜಿಗಳನ್ನು ಮಂಜೂರು ಮಾಡುವ ಸಮಿತಿ ಕೂತಿತು. ಅಧ್ಯಕ್ಷರು ಹಾಳೆಯನ್ನು ಬೆಳಕಿಗೆ ಹಿಡಿದು ಮೂಗು ಮುರಿದರು.

"ಏನಮ್ಮ ಇದು? ಮೊದಲು ಚೆನ್ನಾಗಿದೆ ಅಂತೀರಿ, ಆಮೇಲೆ ಕಾಣಲ್ಲ ಅಂತೀರಿ. ಯಾವುದನ್ನ ನಂಬೋದು? ಹೋಗಿ, ಹೊಸ ಹಾಳೇಲಿ ಬರ್ಕೊಂಡು ಬನ್ನಿ."

"ಹೊಸ ಹಾಳೆ ತರಲ್ಲ ಸಾರ್."

ಗುಮಾಸ್ತ ಮೀಸೆ ಮುಟ್ಟಿಕೊಂಡ. ನೀರಕ್ಕ ನಿಂತಲ್ಲೇ ನಿಂತಳು.

"ಎರಡೂ ಸಾಲು ಓದಿ ಸಾರ್. ಮೇಲಿನದು ನನ್ನ ತಪ್ಪು, ಕೆಳಗಿನದು ಆಯಮ್ಮನ ನಿಜ. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ ನನ್ನ ಕಣ್ಣಿಗೇ ಮಣ್ಣೆರಚಿದ್ರು. ಅಕ್ಕಪಕ್ಕದೋರಿಗೆ ಹೇಗೆ ಗೊತ್ತಾಗ್ಬೇಕು? ಕೈ ಸುಟ್ರೂ ಆಯಮ್ಮ ಕೂಗಲ್ಲ. ಅಷ್ಟು ಚೆನ್ನಾಗಿ ಬಚ್ಚಿಡೋರಿಗೇ ಮೊದಲು ಜನ ಬೇಕು. ಆ ಗೀಟು ಅಳಿಸಿದ್ರೆ ಅದು ನಿಮಗೆ ಗೊತ್ತಾಗಲ್ಲ."

ಅಧ್ಯಕ್ಷರು ಮತ್ತೊಮ್ಮೆ ಓದಿದರು, ಈ ಸಲ ನಿಧಾನವಾಗಿ. "ನಿಮ್ಮನ್ನೂ ಏಮಾರಿಸೋರು ಇದಾರಾ?"

"ಸಿಕ್ಕಿದ್ರಲ್ಲ ಸಾರ್."

ಪಕ್ಕದಲ್ಲಿದ್ದ ಡಾಕ್ಟರಮ್ಮ ನಕ್ಕುಬಿಟ್ಟರು. ಅಧ್ಯಕ್ಷರು ಸಹಿ ಹಾಕಿದರು. ಗುಮಾಸ್ತನ ಮೀಸೆಯನ್ನು ನೀರಕ್ಕನೇ ದೊಡ್ಡ ಮನಸ್ಸು ಮಾಡಿ ಉಳಿಸಿದಳು.

ಸೋಮವಾರದಿಂದ ಸಹಾಯಕಿ ಬಂದಳು. ಮೊದಲ ವಾರ ಇಬ್ಬರಿಗೂ ಆಗುತ್ತಿರಲಿಲ್ಲ, ಪೊರಕೆ ಇಟ್ಟ ಜಾಗಕ್ಕೂ ಜಗಳ. ಈಗ ಅವಳು ಐದು ನಿಮಿಷ ತಡ ಮಾಡಿದರೆ ಇಸ್ತ್ರಿಯಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ. ಒಂದು ಕಣ್ಣಿನಲ್ಲಿ ಉಳಿದ ಬೆಳಕನ್ನು ಕಾಪಾಡಬಹುದು ಎಂದಿದ್ದಾರೆ ಡಾಕ್ಟರು, ಹನಿ ಔಷಧಿ ನಡೆಯುತ್ತಿದೆ. ತಂಗಿ ಬಂದು ನೋಡಿ, ವೃದ್ಧಾಶ್ರಮದ ಮಾತು ಎತ್ತದೆ ತನ್ನ ಎರಡು ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಹೋದಳು. ನೀರಕ್ಕನೂ ಈಗ ನೀರು ಕುಡಿದಾದ ಮೇಲೆ ಲೋಟವನ್ನು ಬೇರೆ ಕಡೆ ಇಟ್ಟು ಒಂದು ನಿಮಿಷ ಕಾದು ನೋಡುತ್ತಾಳೆ.

ಸರಿ, ಏಳು ಪುಟ್ಟಿ. ಆ ಚೀಲದಲ್ಲಿ ನಿನ್ನ ಚಿಕ್ಕಜ್ಜಿಯ ಮೂರು ಅಂಗಿ ಇವೆ, ಇಸ್ತ್ರಿಯಮ್ಮನಿಗೆ ಕೊಟ್ಟು ಬಾ. ನನ್ನ ಇಸ್ತ್ರಿ ಆ ಮನೆಯಲ್ಲಿ ನಗೆಪಾಟಲಾಗಿದೆ, ಇನ್ನು ನಾನು ಮುಟ್ಟುವುದಿಲ್ಲ. ಹೊಸ್ತಿಲಲ್ಲೇ ನಿನ್ನ ಹೆಸರು ಹೇಳು. ಚಪ್ಪಲಿ ಗೋಡೆಗೆ ಒತ್ತಿ ಬಿಡು, ದಾರಿಯಲ್ಲಿ ಬೇಡ. ಆಕೆ ನೀರು ಕೊಟ್ಟರೆ ಕುಡಿದು, ಲೋಟವನ್ನು ಮಣೆಯ ಮೇಲೇ ಇಡು. ಕುರ್ಚಿಯನ್ನು ಮಾತ್ರ ಒಂದು ಬೆರಳಿನಷ್ಟೂ ಸರಿಸಬೇಡ.