ಹೊಸ ಕಬ್ಬಿಣಕ್ಕೆ ಎಣ್ಣೆ

ಮಗ್ಗದ ಎಣ್ಣೆಗೆ ಒಂದು ವಾಸನೆ ಇದೆ. ನೀವು ಸೊಲ್ಲಾಪುರದವರಾದರೆ ಅದನ್ನು ವಿವರಿಸುವ ಅಗತ್ಯವಿಲ್ಲ. ಅಲ್ಲದಿದ್ದರೆ ವಿವರಿಸಿ ಪ್ರಯೋಜನವಿಲ್ಲ. ನನ್ನ ಅಂಗಿ, ತಲೆದಿಂಬು, ಕೊನೆಗೆ ಮದುವೆಯ ಫೋಟೋ ಆಲ್ಬಮ್ಮಿಗೂ ಅದೇ ವಾಸನೆ ಎಂದು ಹೆಂಡತಿ ಹೇಳುತ್ತಾಳೆ. ಮೂವತ್ತು ವರ್ಷ ಟವೆಲು ನೇಯಿಸಿದವನ ಮೈ ಮಲ್ಲಿಗೆ ಎಲ್ಲಿಂದ ನಾರಬೇಕು? ನನ್ನ ಮೂಗಿಗಂತೂ ಅದು ಗೊತ್ತಾಗುವುದೇ ಇಲ್ಲ. ವರ್ಷಕ್ಕೆ ಒಂದು ದಿನ ಮಾತ್ರ ಗೊತ್ತಾಗುತ್ತದೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಆ ಎಣ್ಣೆಯನ್ನು ಹಿತ್ತಾಳೆಯ ಬಟ್ಟಲಿಗೆ ಸುರಿದು ಕುಂಕುಮ ಕಲಸುವಾಗ.

ಈ ಸಲ ಹಾಗೆ ಕಲಸುತ್ತಿದ್ದೆ. ದೊಡ್ಡವ್ವ ಮೆಟ್ಟಿಲಿಳಿದು ಕಾರ್ಖಾನೆಗೆ ಬಂದಳು. ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ಮನೆಯ ಹಿರಿಯಳು, ಎಂಬತ್ತರ ಹತ್ತಿರ. ಆರು ವರ್ಷದಿಂದ ಆ ದಿನ ಅವಳು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ.

“ಬಟ್ಟಲ ಕೊಡೋ ತಮ್ಮಾ, ಈ ವರ್ಷ ನಾ ಹಚ್ತೀನಿ,” ಅಂದಳು.

ನನಗೆ ಕಣ್ಣು ತುಂಬಿ ಬಂತು. ಒಂದೊಂದೇ ಮಗ್ಗಕ್ಕೆ ಸವರುತ್ತ ಹೋದಳು. ಅಂಗಳದಲ್ಲಿ ನನ್ನ ಹೊಸ ಮೋಟಾರ್ ಸೈಕಲ್ಲು ನಿಂತಿತ್ತು. ಅದರ ಮುಂದೆ ಬಗ್ಗಿ, ಮುಂಗಾಲಿಯ ಪಕ್ಕದಲ್ಲಿ ಹೊಳೆಯುತ್ತಿದ್ದ ಬ್ರೇಕಿನ ಡಿಸ್ಕಿಗೆ ಎಣ್ಣೆ ಕೈ ಚಾಚಿದಳು. ನಾನು ಹಾರಿ ಹೋಗಿ ಅವಳ ಮಣಿಕಟ್ಟು ಹಿಡಿದುಬಿಟ್ಟೆ. ಹಿರಿಯರ ಕೈಯನ್ನು ಹಾಗೆ ಹಿಡಿದದ್ದು ಜನ್ಮದಲ್ಲೇ ಮೊದಲು.

“ಯಾಕೋ?” ಅಂದಳು.

ಆ ಪ್ರಶ್ನೆಯ ಉತ್ತರ ಆರು ವರ್ಷ ಹಳೆಯದು. ಸ್ವಲ್ಪ ಹಿಂದೆ ಹೋಗಬೇಕು, ಜೊತೆಗೆ ಬನ್ನಿ.

ನಮ್ಮ ಕಾರ್ಖಾನೆಯಲ್ಲಿ ಪೂಜೆಯೆಂದರೆ ಬೊಟ್ಟು ಇಟ್ಟು ಕೈ ಮುಗಿಯುವುದಲ್ಲ. ಕಬ್ಬಿಣಕ್ಕೆ ಎಣ್ಣೆಯೇ ನೈವೇದ್ಯ ಎಂದು ನನ್ನ ಅಜ್ಜ ನಂಬಿದ್ದ. ಎಣ್ಣೆಯಲ್ಲಿ ಕುಂಕುಮ ಕಲಸಿ ಅಂಗೈ ತುಂಬ ತೆಗೆದುಕೊಂಡು ಸವರಬೇಕು. ಅದರಲ್ಲೂ ಆ ವರ್ಷ ಮನೆಗೆ ಬಂದ ಹೊಸ ಕಬ್ಬಿಣ ಯಾವುದಿದ್ದರೂ ಅದಕ್ಕೆ ಮೊದಲ ಮರ್ಯಾದೆ. ಅಡಕೊತ್ತು ಬಂದರೂ ಸರಿ, ಕಪಾಟು ಬಂದರೂ ಸರಿ. ಒಂದು ವರ್ಷ ನನ್ನ ಹೆಂಡತಿಯ ಹೊಸ ಇಸ್ತ್ರಿ ಪೆಟ್ಟಿಗೆಗೂ ಈ ಮರ್ಯಾದೆ ನಡೆದು, ಮರುದಿನ ನನ್ನ ಬಿಳಿ ಅಂಗಿ ಕೆಂಪಾಯಿತು. ನಕ್ಕು ಸುಮ್ಮನಾಗಿದ್ದೆವು. ಆಗಲೇ ಬುದ್ಧಿ ಬರಬೇಕಿತ್ತು.

ದೊಡ್ಡವ್ವನ ಮಗ ಸಿದ್ದು. ನನಗಿಂತ ಹತ್ತು ವರ್ಷ ಚಿಕ್ಕವನು, ಮದುವೆಯಾಗಿರಲಿಲ್ಲ. ಟವೆಲಿನ ರಫ್ತು ನೋಡಿಕೊಳ್ಳುತ್ತಿದ್ದ. ಅವನು ಪುಣೆಯಿಂದ ಒಂದು ಕಾರು ತಂದ, ಯಾರೋ ಬಳಸಿ ಬಿಟ್ಟದ್ದು. ಪರದೇಶದ್ದು, ಎರಡೇ ಸೀಟು, ಬೂದು ಬಣ್ಣ. ಕಂಪನಿಯ ಹೆಸರು ಬೇಡ, ಅವರದೇನೂ ತಪ್ಪಿಲ್ಲ. ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ದೊಡ್ಡವ್ವ ಅದರಲ್ಲಿ ಒಮ್ಮೆ ಕೂತು ಎದ್ದವಳು, “ಕಾಳಿನ ಹಗೇದ ಗುಂಡ್ಯಾಗಿಂದ ಹತ್ತಿ ಬಂದಂಗಾತು” ಎಂದು ಮತ್ತೆ ಆ ಬಾಗಿಲಿನ ಹತ್ತಿರ ಸುಳಿಯಲಿಲ್ಲ. ನಮ್ಮ ಊರಿನ ಸ್ಪೀಡ್ ಬ್ರೇಕರುಗಳ ಮೇಲೆ ಅದರ ಹೊಟ್ಟೆ ಉಜ್ಜುತ್ತಿತ್ತು. ಅವನು ಅಡ್ಡಡ್ಡ ತಿರುಗಿಸಿ, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದ. ಅಕ್ಕಲಕೋಟ ರಸ್ತೆ ಮುಟ್ಟಿದ ಮೇಲೆಯೇ ಅದಕ್ಕೆ ತಾನು ಯಾರೆಂದು ನೆನಪಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಹೇಳಿದರೆ ನೀವು ನಂಬಬೇಡಿ. ನಾನು ಆಗ ಹಳೆಯ ಸ್ಕೂಟರಿನಲ್ಲಿ ಓಡಾಡುತ್ತಿದ್ದೆ.

ಕಾರಿಗೆ ದೊಡ್ಡ ಗಾಲಿ ಹಾಕಿಸಬೇಕೆಂದು ಸಿದ್ದುವಿಗೆ ಹುಚ್ಚು ಹಿಡಿಯಿತು. ಐದೇ ಕಡ್ಡಿಗಳ, ಅರಳಿದಂತಿರುವ ಗಾಲಿ. ಪುಣೆಯಲ್ಲಿ ನೋಡಿಕೊಂಡು ಬಂದಿದ್ದ. ಅಂಥ ಕೆಲಸಕ್ಕೆ ಊರಲ್ಲಿ ಒಬ್ಬನೇ ಮನುಷ್ಯ, ಮಲ್ಲಪ್ಪ ಮಿಸ್ತ್ರಿ. ಹತ್ತಿರದ ಮಂದ್ರೂಪ ಹಳ್ಳಿಯವನು. ಪುಣೆಯಲ್ಲಿ ಪರದೇಶದ ಕಾರುಗಳ ಕೆಳಗೆ ಹತ್ತು ವರ್ಷ ಮಲಗಿ ಎದ್ದು, ಸೊಲ್ಲಾಪುರಕ್ಕೆ ಬಂದು ಗ್ಯಾರೇಜು ಹಾಕಿದ್ದ. ಮಾತು ಕಡಿಮೆ. ಸಿದ್ದು ಬರೀ ಗಾಲಿ ಹಾಕು ಎಂದರೆ ಒಪ್ಪಲಿಲ್ಲ.

“ಗಾಡಿ ಓಡೂದು ಕಲ್ತೈತಿ, ಮಾಲಕ್ರ. ಮದ್ಲ ನಿಲ್ಲೂದು ಕಲೀಲಿ. ಗಾಲಿ ದೊಡ್ಡದಾತಂದ್ರ ಬ್ರೇಕೂ ದೊಡ್ಡದ ಬೇಕು. ಎರಡೂ ಮಾಡೂದಿದ್ರ ಮಾಡ್ತೀನಿ, ಇಲ್ಲಾಂದ್ರ ಬ್ಯಾರೆ ಗ್ಯಾರೇಜ್ ನೋಡ್ರಿ.”

ಸಿದ್ದು ಒಪ್ಪಿದ. ಸಾಮಾನು ಮುಂಬೈಯಿಂದ ಬಂತು. ಊಟದ ತಟ್ಟೆಗಿಂತ ಅಗಲವಾದ ಡಿಸ್ಕುಗಳು. ಅವನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕೆಂಪು ಇಕ್ಕಳಗಳು. ಇಕ್ಕಳದ ಒಳಗೆ, ಡಿಸ್ಕಿಗೆ ಒತ್ತಿ ಕಾರು ನಿಲ್ಲಿಸುವ ಪ್ಯಾಡುಗಳು. ಮಿಸ್ತ್ರಿ ಮೂರು ದಿನ ಕೆಲಸ ಮಾಡಿದ. ಕಾರು ತರಲು ನಾನೂ ಹೋಗಿದ್ದೆ. ಗಾಲಿಯ ಕಡ್ಡಿಗಳ ನಡುವೆ ಒಂದು ಕೈ ಸಲೀಸಾಗಿ ಒಳಗೆ ಹೋಗುವಷ್ಟು ಜಾಗ. ಒಳಗಿನ ಡಿಸ್ಕು ಕನ್ನಡಿಯ ಹಾಗಿತ್ತು. ನುಣುಪು ನೋಡೋಣವೆಂದು ನಾನು ಬೆರಳಿಟ್ಟೆ.

“ಕೈ ತಗೀರಿ, ಮಾಲಕ್ರ!” ಎಂದು ಮಿಸ್ತ್ರಿ ಗದರಿದ. “ನಿಮ್ಮ ಕೈಯಾಗ ಎಣ್ಣಿ ಇರ್ತೈತಿ. ಇದಕ್ಕ ಎಣ್ಣಿ ಅಂದ್ರ ವಿಷ ಇದ್ದಂಗ.”

ನನ್ನೆದುರಿಗೇ ಅರಿವೆಯಿಂದ ಆ ಜಾಗ ಒರೆಸಿದ. ಚಹಾ ಕುಡಿಯುತ್ತ ಕೂತಿದ್ದ ನಾಲ್ಕು ಜನ ವ್ಯಾಪಾರಿಗಳು ನಕ್ಕರು. “ಇಂವನ ರಕ್ತದಾಗನ ಎಣ್ಣಿ ಐತಿ, ಮಿಸ್ತ್ರಿ,” ಎಂದು ಸಿದ್ದು ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ, ಮೇಲೆ ಮೇಲೆ. ಒಳಗೆ ಉರಿಯುತ್ತಿತ್ತು.

ಹೊರಡುವಾಗ ಮಿಸ್ತ್ರಿ ಸಿದ್ದುವಿಗೆ ಹೇಳಿದ: “ಪ್ಯಾಡ್ ಹೊಸಾವು ಅದಾವ. ಮದ್ಲಿನ ಇನ್ನೂರ ಕಿಲೋಮೀಟರ್ ಬ್ರೇಕ್ ಸ್ವಲ್ಪ ಮೆತ್ತಗ ಅನಸ್ತೈತಿ. ಹಗೂರ ಹೊಡೀರಿ. ಆಮ್ಯಾಲ ಗಟ್ಟಿ ಹಿಡೀತಾವ.”

ಎರಡು ದಿನಕ್ಕೆ ಖಂಡೇನವಮಿ. ಹಳೆಯ ಕಾರಿಗೆ ಹೊಸ ಗಾಲಿ ಬಂದರೆ ಅದು ಹೊಸ ಕಾರೋ ಹಳೆಯದೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಹೊಸ ವಾಹನ ಮೊದಲು ಅಕ್ಕಲಕೋಟದ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರಬೇಕೆಂಬುದು ನಮ್ಮ ಮನೆಯ ಪದ್ಧತಿ. ದೊಡ್ಡವ್ವ ತೀರ್ಪು ಕೊಟ್ಟಳು: “ಗಾಲಿ ಹೊಸಾವು ಅಂದ್ರ ಗಾಡಿ ಹೊಸದ. ಪೂಜಿ ಆದ ಮ್ಯಾಲ ಅಕ್ಕಲಕೋಟಕ್ಕ ಹೋಗಿ ಬಾರೋ ಸಿದ್ದು.”

ಸಿದ್ದು ಬಟ್ಟೆ ಬದಲಿಸಲು ಒಳಗೆ ಹೋಗಿದ್ದ. ದೊಡ್ಡವ್ವ ಕಾರಿಗೆ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತವನು ನಾನು. ಮುಂಗಾಲಿಯ ಒಳಗೆ ಇಣುಕಿದಳು.

“ಇದೇನೋ ಒಳಗ ಕನ್ನಡಿಗತೆ ಹೊಳ್ಯಾಕತ್ತೈತಿ? ಇದಕ್ಕೂ ಹಚ್ಚಲೇನು?”

ಆ ಕ್ಷಣ ಮಿಸ್ತ್ರಿಯ ಮಾತು ನನಗೆ ನೆನಪಿತ್ತೇ? ಇರಲಿಲ್ಲ ಎಂದು ಬರೆಯಲು ಎಷ್ಟು ಆಸೆಯಾಗುತ್ತದೆ ಗೊತ್ತೇ. ನೆನಪಿತ್ತು. ನೆನಪಿದ್ದುದರಿಂದಲೇ ಹೇಳಿದೆ. ನಾಲ್ಕು ಜನರ ಮುಂದೆ ನನ್ನ ಕೈಯನ್ನು ವಿಷ ಎಂದವನಿಗೆ ನಮ್ಮ ಎಣ್ಣೆಯ ಮಹಿಮೆ ಏನು ಗೊತ್ತು, ದೇವರ ಹೆಸರಿನ ಎಣ್ಣೆ ಏನು ಮಾಡೀತು, ಎಂಬ ಸಣ್ಣ ಸಿಟ್ಟು.

“ಹಚ್ಚು ದೊಡ್ಡವ್ವ,” ಅಂದೆ. “ಹೊಸಾ ಕಬ್ಬಿಣ ಅಂದ್ರ ಅದ.”

ಅವಳು ಕಡ್ಡಿಗಳ ನಡುವೆ ಕೈ ತೂರಿಸಿ ಅಂಗೈ ತುಂಬ ಸವರಿದಳು. ಆ ಗಾಲಿಗೂ, ಈ ಗಾಲಿಗೂ. ಹಳೆಯ ಗಾಲಿಗಳಾಗಿದ್ದರೆ ಅವಳ ಬೆರಳೂ ಒಳಗೆ ಹೋಗುತ್ತಿರಲಿಲ್ಲ.

ಅಕ್ಕಲಕೋಟ ರಸ್ತೆಯ ನಮ್ಮ ಗೋದಾಮಿನ ತನಕ ನಾನೂ ಕಾರಿನಲ್ಲಿ ಹೋದೆ. ಒಂದು ಸಿಗ್ನಲ್ಲಿನಲ್ಲಿ ಕಾರು ಗೆರೆ ದಾಟಿ ನಿಂತಿತು. “ಬ್ರೇಕ್ ಮೆತ್ತಗ ಅದಾವಲ್ಲೋ?” ಅಂದೆ. “ಮಿಸ್ತ್ರಿ ಹೇಳ್ಯಾನಲ್ಲ, ಮದ್ಲ ಹಿಂಗ ಇರ್ತಾವಂತ,” ಅಂದ. ಇನ್ನು ಸ್ವಲ್ಪ ದೂರ ಹೋದ ಮೇಲೆ ಸುಟ್ಟ ಎಣ್ಣೆಯ ವಾಸನೆ ಬಂತು. “ಎಣ್ಣಿ ವಾಸನಿ ಬರಾಕತ್ತೈತಿ,” ಅಂದೆ. “ಅದು ನಿನ್ನ ಅಂಗೀದೋ ಅಣ್ಣಾ!” ಎಂದು ಸಿದ್ದು ಸ್ಟಿಯರಿಂಗ್ ಬಡಿದು ನಕ್ಕ. ನಾನು ತೋಳು ಮೂಸಿ ನೋಡಿಕೊಂಡೆ. ನಿಜ, ಅಂಗಿಯೂ ನಾರುತ್ತಿತ್ತು. ಗೋದಾಮಿನ ಮುಂದೆ ಇಳಿದೆ. ಅವನು ಕಿಟಕಿಯಿಂದ ಕೈ ಬೀಸಿ ಹೋದ.

ಅಕ್ಕಲಕೋಟಕ್ಕೆ ಅರ್ಧ ದಾರಿ ಇರುವಾಗ ಹೊಲದಿಂದ ಮೇವಿನ ಕಣಿಕೆ ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಹತ್ತಿತು. ದೂರದಿಂದಲೇ ಕಾಣುವಂಥದ್ದು, ಹಾಡುಹಗಲು. ಸಿದ್ದು ಟ್ರಾಲಿಯ ಕೆಳಗೆ ಹೋದ. ಆಸ್ಪತ್ರೆ ಮುಟ್ಟಲಿಲ್ಲ. ಟ್ರ್ಯಾಕ್ಟರಿನವನು ಕಣ್ಣೀರು ಸುರಿಸುತ್ತ ಮರಾಠಿಯಲ್ಲಿ ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದ: “ಬ್ರೇಕ್ ಲಾಗಲಾಚ್ ನಾಹಿ.” ಬ್ರೇಕು ಹಿಡಿಯಲೇ ಇಲ್ಲ ಎಂದು.

ಆ ಮಾತು ಪೇಟೆಗೆ ನಮಗಿಂತ ಮೊದಲು ಬಂತು. ಮಣ್ಣಿಗೆ ಬಂದವರೆಲ್ಲ ನನ್ನನ್ನು ಕೇಳಿದರು, ಬ್ರೇಕ್ ಹಾಕಿದ್ದು ಯಾರು? ನಾನು ಮಲ್ಲಪ್ಪ ಮಿಸ್ತ್ರಿ ಎಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅದರಲ್ಲಿ ಸುಳ್ಳೇನಿರಲಿಲ್ಲ. ಬ್ರೇಕು ಮೆತ್ತಗಿರುತ್ತದೆ ಎಂದು ಅವನೇ ಹೇಳಿ ಕಳಿಸಿದ್ದನ್ನು ಆ ನಾಲ್ಕು ಜನ ವ್ಯಾಪಾರಿಗಳು ಕಿವಿಯಾರೆ ಕೇಳಿದ್ದರು. ಅಲ್ಲಿಗೆ ಅವನ ಕಥೆ ಮುಗಿಯಿತು. ದೊಡ್ಡವ್ವ ಎದೆ ಬಡಿದುಕೊಂಡು, “ಅವನ ಕೈ ಸೇದಿಹೋಗ್ಲಿ,” ಎಂದು ಶಪಿಸಿದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ.

ಹನ್ನೊಂದು ದಿನ ಕಳೆದ ಮೇಲೆ ಮಿಸ್ತ್ರಿ ಮನೆಗೆ ಬಂದ. ಪೇಪರಿನಲ್ಲಿ ಸುತ್ತಿದ ಒಂದು ಗಂಟು ಬಿಚ್ಚಿ ಕಟ್ಟೆಯ ಮೇಲಿಟ್ಟ. ಕಾರಿನಿಂದ ಬಿಚ್ಚಿ ತಂದ ಬ್ರೇಕ್ ಪ್ಯಾಡುಗಳು. ಕಪ್ಪಗೆ ಸುಟ್ಟಿದ್ದವು, ಅಂಚಿನಲ್ಲಿ ಕುಂಕುಮದ ಕೆಂಪು.

“ಸಿಟ್ಟಾಗಬ್ಯಾಡ್ರಿ ಮಾಲಕ್ರ, ಮೂಸಿ ನೋಡ್ರಿ. ಎಣ್ಣಿ ಕುಡದಾವ ಇವು. ನಿಮಗೇನರ ಗೊತ್ತೈತೇನ್ರಿ?”

ಒಳಗಿನಿಂದ ದೊಡ್ಡವ್ವನ ಅಳು ಕೇಳುತ್ತಿತ್ತು. “ಗೊತ್ತಿಲ್ಲ,” ಅಂದೆ.

ಅವನು ಒಳಗಿನ ಬಾಗಿಲು ನೋಡಿದ. ಆಮೇಲೆ ನನ್ನ ಕೈಗಳನ್ನು ನೋಡಿದ. ಗಂಟನ್ನು ಮತ್ತೆ ಕಟ್ಟಿಕೊಂಡ. “ಆತ್ ಬಿಡ್ರಿ. ಅವ್ವಾರಿಗೆ ಏನೂ ಹೇಳಬ್ಯಾಡ್ರಿ,” ಎಂದು ಹೋದ.

ಅವನ ಗ್ಯಾರೇಜಿಗೆ ಕಾರುಗಳು ಬರುವುದು ನಿಂತಿತು. ವರ್ಷ ತುಂಬುವುದರೊಳಗೆ ಬೀಗ ಬಿತ್ತು. ಮಂದ್ರೂಪಕ್ಕೆ ಹೋಗಿ ರೈತರ ಪಂಪು ರಿಪೇರಿ ಮಾಡುತ್ತಿದ್ದಾನೆ ಎಂದು ಕೇಳಿದೆ. ಹೋದ ವರ್ಷ ಕಾಮಾಲೆಯಾಗಿ ತೀರಿಹೋದನೆಂದೂ ಕೇಳಿದೆ. ಎರಡು ಸಲವೂ ನಾನು ಹೋಗಲಿಲ್ಲ. ದೊಡ್ಡವ್ವನ ಜೀವ ಉಳಿಸಲು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಆರು ವರ್ಷ ಉಂಡೆ, ಮಲಗಿದೆ. ಮುಚ್ಚಿಟ್ಟದ್ದು ನನ್ನ ‘ಹಚ್ಚು’ ಎಂಬ ಮಾತನ್ನು.

ಈಗ ಅಂಗಳದಲ್ಲಿ ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು. “ಯಾಕೋ?” ಎಂದು ಎರಡನೆಯ ಸಲ ಕೇಳಿದಳು. ಸುಳ್ಳು ಹುಡುಕಿದೆ, ಸಿಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮಿಸ್ತ್ರಿ ನನಗೆ ಎಚ್ಚರಿಕೆ ಕೊಟ್ಟಿದ್ದನೆಂದೂ, ನೆನಪಿದ್ದೇ ಹಚ್ಚು ಎಂದೆನೆಂದೂ. ಅವಳು ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ಕೇಳಿದಳು:

“ಮಿಸ್ತ್ರಿಗೆ ಗೊತ್ತಿತ್ತೇನು?”

“ಗೊತ್ತಿತ್ತು.”

“ಯಾರಿಗೂ ಹೇಳಲಿಲ್ಲ?”

“ಇಲ್ಲ.”

“ನಡಿ, ಅವನ ಕಡಿ ಕರಕೊಂಡು ಹೋಗು.”

“ಅವ ಇಲ್ಲ, ದೊಡ್ಡವ್ವ. ಹ್ವಾದ ವರ್ಷ ತೀರಕೊಂಡ.”

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. “ಹೇಣ್ತಿ ಇರಬೇಕಲ್ಲ? ನಡಿ,” ಎಂದು ಎದ್ದಳು. ಕೈ ತೊಳೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಮಂದ್ರೂಪಕ್ಕೆ ಹೋದೆವು. ಮಿಸ್ತ್ರಿಯ ಹೆಂಡತಿ ನಮ್ಮನ್ನು ಗುರುತಿಸಿ ಚಾಪೆ ಹಾಸಿದಳು, ನೀರು ಕೊಟ್ಟಳು. ದೊಡ್ಡವ್ವ ನೀರು ಮುಟ್ಟದೆ ತನ್ನ ಕೆಂಪು ಅಂಗೈ ಚಾಚಿದಳು.

“ನಿನ್ನ ಗಂಡನ ಕೆಲಸ ತಪ್ಪಿರಲಿಲ್ಲವ್ವಾ. ಬ್ರೇಕಿಗೆ ಎಣ್ಣಿ ಹಚ್ಚಿದ್ದು ಈ ಕೈ. ನಾ ಅವನ ಕೈಗೆ ಶಾಪ ಕೊಟ್ಟೆ.”

“ಕೈ ದೊಡ್ಡವ್ವಂದು, ಮಾತು ನಂದು,” ಎಂದು ನಾನು ಉಳಿದದ್ದನ್ನು ಹೇಳಿದೆ. ಆ ಹೆಂಗಸು ಚಾಪೆಯ ಅಂಚಿನಲ್ಲಿ ಕೂತಳು.

“ನನಗೂ ಹೇಳಲಿಲ್ರಿ ಅವರು,” ಅಂದಳು. “ಅವರ ಕೈಲೇನ ತಪ್ಪಾಗೈತಿ ಅಂತ ನಾನೂ ತಿಳಕೊಂಡಿದ್ದೆ. ಸಾಯೂತನಕ.” ಆಮೇಲೆ ನನ್ನ ಕಡೆ ತಿರುಗಿದಳು. “ಇಲ್ಲಿ ಬಂದು ನನಗ ಹೇಳಿದ್ರ ಏನ ಬಂತ್ರಿ? ಅವರ ಹೆಸರ ಕೆಟ್ಟಿದ್ದು ಪ್ಯಾಟ್ಯಾಗ. ಪ್ಯಾಟ್ಯಾಗ ಹೇಳ್ರಿ.”

ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಅದಕ್ಕೇ ಇದನ್ನು ಬರೆಯಲು ಕೂತೆ. ಬರೆದೆ, ನೀವು ಇಲ್ಲಿಯ ತನಕ ಓದಿದಿರಿ. ಆದರೆ ಇದರಲ್ಲೂ ನನ್ನ ಹಳೆಯ ಬುದ್ಧಿ ಬಿಟ್ಟಿಲ್ಲ. ನಮ್ಮ ಪೇಟೆಯಲ್ಲಿ ಕನ್ನಡ ಮಾತಾಡುವವರು ಬಹಳ, ಓದುವವರು ಬೆರಳೆಣಿಕೆ. ಕನ್ನಡದಲ್ಲಿ ತಪ್ಪೊಪ್ಪಿಕೊಂಡರೆ ಸೊಲ್ಲಾಪುರದಲ್ಲಿ ಯಾರಿಗೂ ತಿಳಿಯುವುದಿಲ್ಲ. ಇದು ನನಗೆ ಗೊತ್ತಿದ್ದೇ ಕಾಗದ ತೆಗೆದುಕೊಂಡೆನೋ ಏನೋ.

ನಿನ್ನೆಯ ಬಟ್ಟಲು ಇನ್ನೂ ಇಲ್ಲೇ ಮೇಜಿನ ಮೇಲಿದೆ, ಯಾರೂ ತೊಳೆದಿಲ್ಲ. ನಾಳೆ ಅಂಗಡಿಗಳು ತೆರೆಯುವ ಹೊತ್ತಿಗೆ ಹೋಗಬೇಕು. ಅಂದು ಗ್ಯಾರೇಜಿನಲ್ಲಿ ನಕ್ಕ ಆ ನಾಲ್ಕು ಜನರಿಂದ ಶುರುಮಾಡಬೇಕು. ಹೇಳಬೇಕಾದ ಮೊದಲ ಮಾತನ್ನು ಮರಾಠಿಯಲ್ಲಿ ಹೊಂದಿಸಿಕೊಂಡು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ: “ಬ್ರೇಕ್ ಚಾಂಗ್ಲಾ ಹೋತಾ.” ಬ್ರೇಕು ಚೆನ್ನಾಗಿತ್ತು.